ರೋಮಿನ ಮಾಮೂಲಿ ಜನ ಹೇಗಿದ್ರು ಅಂತ ಹಳೇ ಪುಸ್ತಕಗಳಲ್ಲಿ ಸಿಗುತ್ತಾ?

ಪ್ರಶ್ನೆ: ಸರ್, ಸಿನಿಮಾ, ಸೀರೀಸ್‌ಗಳಲ್ಲಿ ರೋಮ್ ಅಂದ್ರೆ ಬಿಳಿ ಬಟ್ಟೆ ಸುತ್ಕೊಂಡು ಮಲಗಿ ದ್ರಾಕ್ಷಿ ತಿನ್ನೋರು, ಇಲ್ಲಾಂದ್ರೆ ಕತ್ತಿ ಹಿಡಿದು ಹೊಡೆದಾಡೋರು, ಇಷ್ಟೇ. ಮಾಮೂಲಿ ಜನ ಬೆಳಿಗ್ಗೆ ಎದ್ದು ಏನ್ ಮಾಡ್ತಿದ್ರು, ಏನ್ ತಿಂತಿದ್ರು, ಬಾಡಿಗೆ ಮನೆ ಇತ್ತಾ, ಇದೆಲ್ಲ ಆ ಕಾಲದ ಸಾಹಿತ್ಯದಲ್ಲಿ ಸಿಗುತ್ತಾ ಅಥವಾ ಬರೀ ರಾಜರ ಕತೆನಾ? ಇನ್ನೊಂದು, ರೋಮನ್ ಕಾಲದ ಯಾವುದೋ ನಾಟಕದಲ್ಲಿ ಕನ್ನಡ ಮಾತು ಇದೆ ಅಂತ ವಾಟ್ಸಾಪಲ್ಲಿ ಬರ್ತಾನೇ ಇರುತ್ತೆ, ನಿಜಾನಾ?

ಉತ್ತರ: ಸಿಗುತ್ತೆ, ಬೇಜಾನ್ ಸಿಗುತ್ತೆ, ಆದ್ರೆ ಹುಡುಕೋ ಜಾಗ ಬೇರೆ. ಯುದ್ಧ, ಸೆನೆಟ್, ಚಕ್ರವರ್ತಿ ಅಂತ ಬರೆದಿರೋ ದಪ್ಪ ಇತಿಹಾಸದ ಪುಸ್ತಕ ತಿರುವಿದ್ರೆ ಜನ ಬೆಳಿಗ್ಗೆ ಏನು ತಿಂದ್ರು ಅಂತ ಗೊತ್ತಾಗಲ್ಲ. ಬೈಗುಳದ ಪದ್ಯ, ಊಟಕ್ಕೆ ಕರೆದ ಕಾಗದ, ಬೇಸಾಯದ ಕೈಪಿಡಿ, ಪೋಲಿ ಕಾದಂಬರಿ, ಇಂಥವನ್ನ ನೋಡ್ಬೇಕು. ನಾನು ಪಾಠ ಮಾಡುವಾಗ ಹುಡುಗರಿಗೆ ಒಂದೇ ಮಾತು ಹೇಳ್ತಿದ್ದೆ, ಲೇಖಕ ಗಂಟಲು ಹರ್ಕೊಂಡು ಹೇಳೋದನ್ನ ಅರ್ಧ ನಂಬಿ, ಹೇಳ್ತಾ ಹೇಳ್ತಾ ಬಾಯ್ತಪ್ಪಿ ಅಂದಿದ್ದನ್ನ ಪೂರ್ತಿ ನಂಬಿ ಅಂತ. ಮಾರ್ಷಿಯಲ್ ಅಂತ ಒಬ್ಬ ಕವಿ ಇದ್ದ, 1ನೇ ಶತಮಾನದ ಕೊನೆಯಲ್ಲಿ ರೋಮಿನಲ್ಲಿ ಚುಟುಕ ಬರ್ಕೊಂಡಿದ್ದೋನು. ಯಾರೋ ಲುಪರ್ಕಸ್ ಅನ್ನೋನು ದಾರಿಯಲ್ಲಿ ಸಿಕ್ಕಾಗಲೆಲ್ಲ 'ನಿನ್ ಪುಸ್ತಕ ಕೊಡು, ಓದಿ ವಾಪಸ್ ಕೊಡ್ತೀನಿ, ಆಳು ಕಳಿಸ್ತೀನಿ' ಅಂತಾನೆ. ಅದಕ್ಕೆ ಇವನು, ಯಾಕಪ್ಪ ಆ ಹುಡುಗನಿಗೆ ತೊಂದ್ರೆ, ನಮ್ಮನೆ ದೂರ, ಮೇಲಾಗಿ ಮೂರು ಮಹಡಿ ಹತ್ಬೇಕು, ಮೆಟ್ಟಿಲೂ ಎತ್ತರ, ನೀನು ದಿನಾ ಓಡಾಡೋ ಬೀದಿಯಲ್ಲೇ ಒಂದು ಅಂಗಡಿ ಇದೆ, ಬಾಗಿಲ ಕಂಬದ ಮೇಲೆಲ್ಲ ಕವಿಗಳ ಹೆಸರು ಬರ್ದಿರ್ತಾರೆ, 5 ಡಿನೇರಿಯಸ್ (ರೋಮಿನ ಬೆಳ್ಳಿ ನಾಣ್ಯ) ಕೊಟ್ರೆ ನನ್ನ ಪುಸ್ತಕ ಸಿಗುತ್ತೆ ಅಂತಾನೆ. ಪುಕ್ಕಟೆ ಕೇಳೋನನ್ನ ಸಾಗಹಾಕೋಕೆ ಹೇಳಿದ ನೆಪ ಅದು, ಸರಿ. ಆದ್ರೆ ನೆಪ ಹೇಳೋನೂ ನಂಬೋ ಹಾಗಿರೋದನ್ನೇ ಹೇಳ್ಬೇಕಲ್ವಾ? ಒಂದು ಚುಟುಕದಲ್ಲಿ ಮಹಡಿ ಮನೆ, ಪುಸ್ತಕದಂಗಡಿ, ಅದರ ಬೋರ್ಡು, ಪುಸ್ತಕದ ರೇಟು ಎಲ್ಲ ಬಂತು, ಇದ್ಯಾವುದನ್ನೂ ನಮಗೆ ತಿಳಿಸ್ಬೇಕು ಅಂತ ಅವನು ಬರೆದಿದ್ದಲ್ಲ.

ನಿಮ್ಮ ಬಿಳಿ ಬಟ್ಟೆ ವಿಷಯ ಮೊದಲು ಮುಗಿಸ್ತೀನಿ. ಅದು ಟೋಗಾ, ಉಣ್ಣೆದು, ಭಾರ, ಸುತ್ಕೊಳ್ಳೋಕೆ ಇನ್ನೊಬ್ಬರು ಬೇಕು. ಜುವೆನಾಲ್ ಅನ್ನೋ ಕವಿ ಇಟಲಿಯ ಎಷ್ಟೋ ಊರುಗಳಲ್ಲಿ ಸತ್ತಾಗ ಬಿಟ್ರೆ ಯಾರೂ ಟೋಗಾ ಹಾಕಲ್ಲ ಅಂತಾನೆ. ರೋಮಿನಲ್ಲೇ ಅಗಸ್ಟಸ್ ಚಕ್ರವರ್ತಿ ಒಂದ್ಸಲ ಸಭೆಯಲ್ಲಿ ಬರೀ ಕಂದು ಕಂಬಳಿ ಹೊದ್ದೋರೇ ತುಂಬಿರೋದು ನೋಡಿ ಸಿಟ್ಟಾಗಿ, ಫೋರಂಗೆ (ಊರ ನಡುವಿನ ಚೌಕಕ್ಕೆ) ಬರೋರು ಟೋಗಾ ಹಾಕೇ ಬರ್ಬೇಕು, ಅಧಿಕಾರಿಗಳು ನೋಡ್ಕೊಳ್ಳಿ ಅಂತ ಆರ್ಡರ್ ಮಾಡಿದ ಅಂತ ಚಕ್ರವರ್ತಿಗಳ ಜೀವನಚರಿತ್ರೆ ಬರೆದ ಸ್ಯುಟೋನಿಯಸ್ ಬರೀತಾನೆ. ಆರ್ಡರ್ ಮಾಡ್ಬೇಕಾಯ್ತು ಅಂದ್ರೇನೇ ಜನ ಹಾಕ್ತಿರ್ಲಿಲ್ಲ ಅಂತ ತಾನೇ. ಕೆಲಸ ಮಾಡೋ ಜನ ಮೊಣಕಾಲವರೆಗೆ ಬರೋ ಟ್ಯೂನಿಕ್ ಅನ್ನೋ ಅಂಗಿ ಹಾಕಿ ಸೊಂಟಕ್ಕೊಂದು ಪಟ್ಟಿ ಕಟ್ಕೊಳ್ತಿದ್ರು, ಅಷ್ಟೇ. ಮಲಗಿ ಊಟ ಮಾಡೋದೂ ಜಾಗ, ಮಂಚ, ಬಡಿಸೋಕೆ ಆಳು ಇದ್ದೋರ ಮನೆ ವಿಷಯ.

ಈಗ ಬೆಳಿಗ್ಗೆ ಎದ್ದು ಏನ್ ಮಾಡ್ತಿದ್ರು ಅನ್ನೋದಕ್ಕೆ ಬರ್ತೀನಿ. ಇದಕ್ಕೆ ನನಗೆ ತುಂಬಾ ಇಷ್ಟದ ಪದ್ಯ ಒಂದಿದೆ, 'ಮೊರೇಟಮ್' ಅಂತ, ಸುಮಾರು 120 ಸಾಲು. ರೋಮಿನ ಮಹಾಕವಿ ವರ್ಜಿಲ್ ಬರೆದಿದ್ದು ಅಂತ ಹಳೇ ಹಸ್ತಪ್ರತಿಗಳು ಹೇಳ್ತವೆ, ಈಗ ಯಾರೂ ಒಪ್ಪಲ್ಲ, ಅವನದೇ ಶೈಲಿಯಲ್ಲಿ ಬೇರೆ ಯಾರೋ ಬರೆದಿದ್ದಾರೆ. ಚಳಿಗಾಲ, ಇನ್ನೂ ಕತ್ತಲು, ಕೋಳಿ ಕೂಗಿದೆ. ಸಿಮುಲಸ್ ಅನ್ನೋ ಸಣ್ಣ ರೈತ ಇವತ್ತು ಹೊಟ್ಟೆಗೇನು ಅನ್ನೋ ಯೋಚನೆಯಲ್ಲೇ ಹಾಸಿಗೆಯಿಂದ ಏಳ್ತಾನೆ. ಕತ್ತಲಲ್ಲಿ ತಡಕಾಡ್ಕೊಂಡು ಒಲೆ ಹುಡುಕ್ತಾನೆ, ಸಿಕ್ಕಿದ್ದು ಹೇಗೆ ಗೊತ್ತಾ, ಕೈ ಸುಟ್ಕೊಂಡಾಗ! ಬೂದಿಯೊಳಗೆ ಮುಚ್ಚಿಟ್ಟ ಕೆಂಡ ಊದಿ ಊದಿ ದೀಪ ಹಚ್ತಾನೆ, ಎಣ್ಣೆ ಇಲ್ಲದೆ ಒಣಗಿದ ಬತ್ತಿನ ಸೂಜಿಯಿಂದ ಮೇಲೆಳೀತಾನೆ, ಗಾಳಿಗೆ ಆರದ ಹಾಗೆ ಕೈ ಅಡ್ಡ ಹಿಡೀತಾನೆ. ನೆಲದ ಮೇಲೆ ಸಣ್ಣ ರಾಶಿ ಧಾನ್ಯ ಇದೆ, ಅದರಲ್ಲಿ ಅಳೆದು ತಗೊಂಡು ಬೀಸೋ ಕಲ್ಲಿನ ಹತ್ರ ಹೋಗ್ತಾನೆ. ಒಂದು ಕೈ ಕಾಳು ಹಾಕೋಕೆ, ಒಂದು ಕೈ ತಿರುಗಿಸೋಕೆ. ಕೈ ಸೋತರೆ ಬದಲಾಯಿಸ್ತಾನೆ. ನಡುವೆ ಹಳ್ಳಿ ಹಾಡೊಂದು ಗುನುಗ್ತಾನೆ. ಬೀಸೋವಾಗ ಹಾಡು ಅನ್ನೋದು ನಮ್ಮ ಅಜ್ಜಿಯಂದಿರಿಗೆ ಮಾತ್ರ ಸೇರಿದ್ದಲ್ಲ ಅಂತ ಓದಿದಾಗ ನನಗೆ ಒಂಥರಾ ಖುಷಿ ಆಗಿತ್ತು.

ಹಿಟ್ಟು ಜರಡಿ ಹಿಡಿದು, ಬಿಸಿನೀರಲ್ಲಿ ನಾದಿ, ತಟ್ಟಿ, ಮೇಲೆ ನಾಲ್ಕು ಭಾಗಕ್ಕೆ ಗೆರೆ ಹಾಕಿ ಒಲೆಗೆ ಇಡ್ತಾನೆ. ಇನ್ನು ನೆಂಚ್ಕೊಳ್ಳೋಕೆ? ಅಟ್ಟದಲ್ಲಿ ಮಾಂಸ ನೇತಾಡ್ತಿಲ್ಲ, ನಡುವೆ ತೂತು ಮಾಡಿ ಹಗ್ಗದಲ್ಲಿ ಕಟ್ಟಿರೋ ಒಂದು ಚೀಸ್ ಉಂಡೆ ಇದೆ, ಅಷ್ಟೇ. ಹಿತ್ತಲಿಗೆ ಹೋಗಿ ನಾಲ್ಕು ಗೆಡ್ಡೆ ಬೆಳ್ಳುಳ್ಳಿ ಕೀಳ್ತಾನೆ, ಕೊತ್ತಂಬರಿ, ಇನ್ನೊಂದೆರಡು ಸೊಪ್ಪು ಕಿತ್ಕೊಂಡು ಬಂದು ಉಪ್ಪು, ಚೀಸ್ ಸೇರಿಸಿ ಒರಳಲ್ಲಿ ಹಾಕಿ ಕುಟ್ತಾನೆ. ಘಾಟು ಮೂಗಿಗೆ ಬಡಿದು ಕಣ್ಣಲ್ಲಿ ನೀರು, ಮುಂಗೈಯಲ್ಲಿ ಕಣ್ಣೊರೆಸ್ಕೊಂಡು ತನ್ನ ಊಟಕ್ಕೇ ಶಾಪ ಹಾಕ್ತಾನೆ, ಏನೂ ತಪ್ಪು ಮಾಡದ ಹೊಗೆಗೂ ಬೈತಾನೆ. ಕುಟ್ತಾ ಕುಟ್ತಾ ಒಂದೊಂದರ ಬಣ್ಣ ಹೋಗಿ ಎಲ್ಲ ಸೇರಿ ಒಂದೇ ಬಣ್ಣ ಆಗುತ್ತೆ, ಆಮೇಲೆ ಎಣ್ಣೆ ನಾಲ್ಕು ಹನಿ, ಚೂರು ವಿನೆಗರ್, ಎರಡು ಬೆರಳಲ್ಲಿ ಒರಳು ಬಳಿದು ಉಂಡೆ ಕಟ್ತಾನೆ. ಚಟ್ನಿ ಉಂಡೆ ಅನ್ನಿ. ('ಹಲವದರಿಂದ ಒಂದು' ಅನ್ನೋ ಅರ್ಥದ ಲ್ಯಾಟಿನ್ ಮಾತು ಅಮೆರಿಕದ ನಾಣ್ಯದ ಮೇಲಿದೆಯಲ್ಲ, ಅದನ್ನೇ ಹೋಲೋ ಸಾಲು ಇಲ್ಲಿ ಚಟ್ನಿ ಬಣ್ಣಕ್ಕೆ ಹೇಳಿರೋದು.)

ಇದರಲ್ಲಿ ಬಾಯ್ತಪ್ಪಿ ಹೇಳಿದ್ದು ಯಾವುದು ಅಂತ ನೋಡಿ. ಹಿತ್ತಲಲ್ಲಿ ಎಲೆಕೋಸು, ಬೀಟು, ಲೆಟ್ಯೂಸು ಎಲ್ಲ ಬೆಳೀತಾನೆ, ಆದ್ರೆ ಅದು ಅವನಿಗಲ್ಲ, ಮಾರೋಕೆ. ವಾರದ ಸಂತೆಯ ಥರ ಅಲ್ಲಿ ಎಂಟು ದಿನಕ್ಕೊಂದು ಸಂತೆ, ಆವತ್ತು ಹೊರೆ ಹೊತ್ಕೊಂಡು ಪೇಟೆಗೆ ಹೋಗಿ, ಬರುವಾಗ ಹೆಗಲು ಹಗುರ, ಜೇಬು ಭಾರ ಮಾಡ್ಕೊಂಡು ಬರ್ತಾನೆ, ಮಾಂಸ ತರೋದು ಅಪರೂಪ. ತರಕಾರಿ ಬೆಳೆಯೋನು ಬೆಳ್ಳುಳ್ಳಿ ಚಟ್ನಿಯಲ್ಲೇ ದಿನ ದೂಡ್ತಾನೆ. ಇನ್ನೊಂದು, ಮನೆಯಲ್ಲಿ ಸ್ಕಿಬಲೆ ಅಂತ ಆಫ್ರಿಕಾ ಮೂಲದ ಹೆಂಗಸು ಇದಾಳೆ, ಕೆಲಸದವಳು, ದಾಸಿ ಅಂತಲೇ ಓದೋದು ವಾಡಿಕೆ. ಬಡವನ ಮನೆ ಅಂತ ಕವಿ ಹೇಳ್ಕೊಂಡು ಬರ್ತಾನೆ, ಅಂಥ ಮನೆಯಲ್ಲೂ ಒಬ್ಬ ದಾಸಿ! ಅವಳ ಕೂದಲು, ತುಟಿ, ಮೈ ಬಗ್ಗೆ ಹಲವು ಸಾಲು ಬರೆದಿರೋ ಕವಿಗೆ ಅವಳ ಬಾಯಲ್ಲಿ ಒಂದು ಮಾತು ಆಡಿಸ್ಬೇಕು ಅನ್ನಿಸಿಲ್ಲ. ಇದನ್ನ ನೆನಪಲ್ಲಿಟ್ಕೊಳ್ಳಿ, ಮುಂದೆ ಬರ್ತೀನಿ.

ಬಾಡಿಗೆ ಮನೆ ಕೇಳಿದ್ರಿ. ಇತ್ತು, ರೋಮಿನ ಬಹುಪಾಲು ಜನ ಬಾಡಿಗೆ ಬಿಲ್ಡಿಂಗಲ್ಲೇ ಇದ್ರು. 2ನೇ ಶತಮಾನದ ಶುರುವಲ್ಲಿ ಬರೆದ ಜುವೆನಾಲ್‌ನ ಮೂರನೇ ವಿಡಂಬನೆ ಪೂರ್ತಿ ಇದರದ್ದೇ ಗೋಳು. ಊರು ಬಿಟ್ಟು ಹೋಗ್ತಿರೋ ಅಂಬ್ರಿಸಿಯಸ್ ಅನ್ನೋನು ಗಾಡಿಗೆ ಸಾಮಾನು ತುಂಬಿಸ್ತಾ ಬೈಕೊಂಡು ಹೋಗ್ತಾನೆ, ಈ ಊರು ನಿಂತಿರೋದೇ ತೆಳ್ಳಗಿನ ಕೋಲುಗಳ ಆಸರೆಯಲ್ಲಿ, ಹಳೇ ಬಿರುಕಿಗೆ ತೇಪೆ ಹಾಕಿ 'ನಿಶ್ಚಿಂತೆಯಿಂದ ಮಲ್ಕೊಳ್ಳಿ' ಅಂತಾನೆ ಮೇನೇಜರು, ಬೆಂಕಿ ಬಿದ್ರೆ ಕೆಳಗಿನೋರಿಗೆ ಮೊದಲು ಗೊತ್ತಾಗುತ್ತೆ, ಹೆಂಚಿನ ಕೆಳಗೆ ಪಾರಿವಾಳ ಮೊಟ್ಟೆ ಇಡೋ ಜಾಗದಲ್ಲಿ ಮಲಗಿರೋನು ಕೊನೆಯಲ್ಲಿ ಸುಟ್ಟು ಹೋಗ್ತಾನೆ. ಇಲ್ಲಿ ಒಂದು ಕತ್ತಲೆ ಗೂಡಿಗೆ ಕೊಡೋ ವರ್ಷದ ಬಾಡಿಗೆಯಲ್ಲಿ ಸೋರಾ ಅಂಥ ಸಣ್ಣ ಊರಲ್ಲಿ ಸ್ವಂತ ಮನೆನೇ ಬರುತ್ತೆ ಅಂತಾನೆ. ಬೆಂಗಳೂರಲ್ಲಿ ಇರೋರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ.

ಇದು ಬೈಯೋನ ಮಾತು, ಉಪ್ಪು ಖಾರ ಜಾಸ್ತಿ ಇರುತ್ತೆ, ಹಾಗಾಗಿ ಎದುರು ಪಾರ್ಟಿ ಏನಂತಾನೆ ನೋಡ್ಬೇಕು. ನಮ್ಮ ಅದೃಷ್ಟಕ್ಕೆ ಅದೂ ಇದೆ. ಅದಕ್ಕೆ 150 ವರ್ಷ ಮುಂಚೆ, ಕ್ರಿ.ಪೂ. 44ರಲ್ಲಿ ಸಿಸೆರೋ ತನ್ನ ಗೆಳೆಯ ಆಟಿಕಸ್‌ಗೆ ಕಾಗದ ಬರೀತಾ, ನನ್ನ ಎರಡು ಅಂಗಡಿ ಮಳಿಗೆ ಕುಸಿದು ಬಿತ್ತು, ಉಳಿದಿದ್ದೂ ಬಿರುಕು ಬಿಡ್ತಿದೆ, ಬಾಡಿಗೆಯವರಷ್ಟೇ ಅಲ್ಲ ಇಲಿಗಳೂ ಖಾಲಿ ಮಾಡ್ಕೊಂಡು ಹೋದ್ವು ಅಂತ ಜೋಕ್ ಮಾಡ್ತಾನೆ. ಬೇರೆಯವರು ಇದನ್ನ ಅನಾಹುತ ಅಂತಾರೆ, ನನಗೆ ತೊಂದ್ರೆ ಅಂತಾನೂ ಅನ್ನಿಸ್ತಿಲ್ಲ, ಮತ್ತೆ ಕಟ್ಟಿಸೋ ಪ್ಲಾನ್ ಇದೆ, ಲಾಭಾನೇ ಆಗುತ್ತೆ ಅಂತ ಮುಂದುವರಿಸ್ತಾನೆ. ತತ್ವಶಾಸ್ತ್ರ ಬರೆದ ದೊಡ್ಡ ಮನುಷ್ಯ, ಓನರ್ ಆದಾಗ ಓನರ್ ಥರಾನೇ ಮಾತಾಡ್ತಾನೆ. ಆ ಬಾಡಿಗೆಯವರು ಎಲ್ಲಿಗೆ ಹೋದ್ರು ಅಂತ ಒಂದು ಪದ ಇಲ್ಲ.

ಜುವೆನಾಲ್ ಇನ್ನೊಂದು ಹೇಳ್ತಾನೆ, ರಾತ್ರಿ ಊಟಕ್ಕೆ ಹೊರಗೆ ಹೋಗೋದಾದ್ರೆ ವಿಲ್ ಬರೆದಿಟ್ಟು ಹೋಗಿ, ಮೇಲಿನ ಕಿಟಕಿಗಳಿಂದ ಒಡೆದ ಮಡಕೆ ಎಸೀತಾರೆ, ಬರೀ ಗಲೀಜು ನೀರು ಸುರಿದ್ರೆ ನಿಮ್ಮ ಪುಣ್ಯ ಅಂತ. ಅತಿ ಆಯ್ತು ಅನ್ಸುತ್ತಲ್ವಾ? ಆದ್ರೆ ರೋಮನ್ ಕಾನೂನು ಸಂಗ್ರಹದಲ್ಲಿ ಇದಕ್ಕೇ ಅಂತ ಒಂದು ಭಾಗ ಇದೆ, ಮೇಲಿಂದ ಏನಾದ್ರೂ ಸುರಿದು, ಎಸೆದು ನಷ್ಟ ಆದ್ರೆ ಎರಡರಷ್ಟು ಕೊಡ್ಬೇಕು, ಸ್ವತಂತ್ರ ಮನುಷ್ಯ ಸತ್ತರೆ 50 ಚಿನ್ನದ ನಾಣ್ಯ ದಂಡ, ಗಾಯ ಆದ್ರೆ ವೈದ್ಯರ ಖರ್ಚು ಮತ್ತು ಕೆಲಸ ತಪ್ಪಿದ ಕೂಲಿ, ಗಾಯದ ಗುರುತಿಗೆ ಮಾತ್ರ ದುಡ್ಡಿಲ್ಲ ಯಾಕಂದ್ರೆ ಸ್ವತಂತ್ರ ಮನುಷ್ಯನ ದೇಹಕ್ಕೆ ಬೆಲೆ ಕಟ್ಟೋಕಾಗಲ್ಲ. ದಂಡ ಯಾರು ಕೊಡ್ಬೇಕು? ಬಿಲ್ಡಿಂಗ್ ಓನರ್ ಅಲ್ಲ, ಆ ಕೋಣೆಯಲ್ಲಿ ವಾಸ ಇರೋನು. ಹಾಗೇನೇ ರಾತ್ರಿ ಗಾಡಿಗಳ ಗಲಾಟೆಗೆ ನಿದ್ದೆ ಇಲ್ಲದೆ ಕಾಯಿಲೆಯೋರು ಸಾಯ್ತಾರೆ ಅನ್ನೋ ಅವನ ಮಾತು. ಜೂಲಿಯಸ್ ಸೀಸರ್ ಕಾಲದ ಒಂದು ಕಾನೂನಿನ ಪ್ರಕಾರ ಸೂರ್ಯ ಹುಟ್ಟಿದಾಗಿಂದ ಹಗಲಿನ ಹತ್ತನೇ ಗಂಟೆವರೆಗೆ, ಅಂದ್ರೆ ಹೆಚ್ಚುಕಮ್ಮಿ ಸಾಯಂಕಾಲದವರೆಗೆ, ಸಾಮಾನಿನ ಗಾಡಿ ಊರೊಳಗೆ ಬರೋ ಹಾಗಿರಲಿಲ್ಲ. ಹೆಚ್ಚಿನ ಲೋಡೆಲ್ಲ ರಾತ್ರಿನೇ. ಕವಿ ಕೂಗಾಡಿದ್ದಕ್ಕೆ ಕಾನೂನು ಸಾಕ್ಷಿ ಹೇಳಿದ ಮೇಲೆ ಒಪ್ಕೊಳ್ಳಲೇಬೇಕು.

ಗಲಾಟೆ ಅಂದಾಗ ಸೆನೆಕಾನ ಬಿಡೋಕಾಗಲ್ಲ. ನೀರೋ ಚಕ್ರವರ್ತಿಗೆ ಪಾಠ ಹೇಳಿದ ತತ್ವಜ್ಞಾನಿ ಸೆನೆಕಾ ಒಂದು ಪತ್ರದಲ್ಲಿ (56ನೇದು) ತಾನು ಸಾರ್ವಜನಿಕ ಸ್ನಾನಗೃಹದ ಮೇಲ್ಗಡೆ ಉಳ್ಕೊಂಡಿದ್ದಾಗಿನ ಕತೆ ಹೇಳ್ತಾನೆ. ಭಾರ ಎತ್ತೋರು ಉಸಿರು ಕಟ್ಟಿ ಬಿಡೋ ಸದ್ದು, ಎಣ್ಣೆ ತೀಡೋನು ಬೆನ್ನಿಗೆ ಹೊಡೆಯೋ ಸದ್ದು, ಅದರಲ್ಲೂ ಅಂಗೈ ಚಪ್ಪಟೆ ಇಟ್ಟು ಹೊಡೆದ್ರೆ ಒಂಥರಾ, ಬಗ್ಗಿಸಿ ಹೊಡೆದ್ರೆ ಇನ್ನೊಂಥರಾ. ಧಡಾರ್ ಅಂತ ನೀರಿಗೆ ಹಾರೋರು, ಸ್ನಾನ ಮಾಡ್ತಾ ತನ್ನ ಹಾಡನ್ನ ತಾನೇ ಮೆಚ್ಕೊಳ್ಳೋನು, ಸಿಕ್ಕಿಬಿದ್ದ ಕಳ್ಳ. ಕಂಕುಳ ಕೂದಲು ಕೀಳೋನು ಗಿರಾಕಿ ಕರೆಯೋಕೆ ಕೀರಲು ದನಿಯಲ್ಲಿ ಕೂಗ್ತಾನೇ ಇರ್ತಾನಂತೆ, ಅವನು ಸುಮ್ಮನಾಗೋದು ಯಾರದ್ದಾದ್ರೂ ಕೂದಲು ಕೀಳುವಾಗ ಮಾತ್ರ, ಆಗ ಗಿರಾಕಿ ಕೂಗ್ತಾನೆ. ಸಾಸೇಜ್ ಮಾರೋನು, ಸಿಹಿ ಮಾರೋನು, ಒಬ್ಬೊಬ್ಬರದ್ದೂ ಒಂದೊಂದು ರಾಗ. ಸೆನೆಕಾ ಹೇಳೋಕೆ ಹೊರಟಿದ್ದು ಮನಸ್ಸು ಗಟ್ಟಿ ಇದ್ರೆ ಯಾವ ಸದ್ದೂ ಏನೂ ಮಾಡಲ್ಲ ಅಂತ. ನಾನು ಒಂದು ವರ್ಷ ಜಿಮ್ ಮೇಲಿನ ಮನೆಯಲ್ಲಿದ್ದೆ, ಡಂಬೆಲ್ ಬೀಳೋ ಸದ್ದಿಗೆ ದಿನಾ ಅವನ ನೆನಪು, ಮನಸ್ಸು ಮಾತ್ರ ಗಟ್ಟಿ ಆಗ್ಲಿಲ್ಲ. ಮಜಾ ಏನಂದ್ರೆ ಪತ್ರದ ಕೊನೆಯಲ್ಲಿ ಅವನೂ ಆ ಮನೆ ಖಾಲಿ ಮಾಡ್ತೀನಿ ಅಂತಾನೆ!

ಆ ಕಳ್ಳನ ವಿಷಯಾನೂ ಸುಮ್ನೆ ಅಲ್ಲ. ಸ್ನಾನಕ್ಕೆ ಇಳಿದಾಗ ಬಟ್ಟೆ ಕದಿಯೋರ ಬಗ್ಗೆ ಕಟುಲಸ್ ಪದ್ಯ ಬರೆದಿದ್ದಾನೆ. ಇಂಗ್ಲೆಂಡಿನ ಬಾತ್ ಊರಿನ ಬಿಸಿನೀರ ಬುಗ್ಗೆಯಲ್ಲಿ ಸೀಸದ ತಗಡಿನ ಮೇಲೆ ಕೊರೆದು ದೇವಿಗೆ ಕೊಟ್ಟ ಶಾಪದ ಅರ್ಜಿಗಳು ಸುಮಾರು 130 ಸಿಕ್ಕಿವೆ, ಬಹುಪಾಲು ಕಳ್ಳತನದ್ದೇ. ಡೊಸಿಲಿಯಾನಸ್ ಅನ್ನೋನು ನನ್ನ ಟೋಪಿ ಇರೋ ಕಂಬಳಿ ಕದ್ದೋನು ಗಂಡಾಗ್ಲಿ ಹೆಣ್ಣಾಗ್ಲಿ, ದಾಸನಾಗ್ಲಿ ಸ್ವತಂತ್ರನಾಗ್ಲಿ, ಸುಲಿಸ್ ದೇವಿ ಅವನಿಗೆ ನಿದ್ದೆ ಕೊಡಬಾರದು, ಮಕ್ಕಳೂ ಆಗಬಾರದು, ಆ ಕಂಬಳಿ ದೇವಸ್ಥಾನಕ್ಕೆ ತಂದು ಒಪ್ಪಿಸೋವರೆಗೆ ಅಂತ ಬರೆಸಿದ್ದಾನೆ.

ಊಟದ ವಿಷಯಕ್ಕೆ ಬಂದ್ರೆ ಕಿರಿಯ ಪ್ಲಿನಿ ಅನ್ನೋ ಲೇಖಕ ಒಬ್ಬ ಗೆಳೆಯನ್ನ ಊಟಕ್ಕೆ ಕರೆದಿದ್ದ, ಅವನು ಬರ್ಲಿಲ್ಲ, ಅದಕ್ಕೆ ತಮಾಷೆಯ ಬಿಲ್ ಕಳಿಸ್ತಾನೆ. ತಲಾ ಒಂದು ಲೆಟ್ಯೂಸ್, ಮೂರು ಬಸವನಹುಳು, ಎರಡು ಮೊಟ್ಟೆ, ಗೋಧಿಯದ್ದೊಂದು ಗಂಜಿ, ಜೇನು ಬೆರೆಸಿದ ವೈನ್, ಅದಕ್ಕೆ ಹಾಕೋಕೆ ಹಿಮ, ಹಿಮಾನೂ ಲೆಕ್ಕಕ್ಕೆ ಸೇರಿಸ್ತೀನಿ ಯಾಕಂದ್ರೆ ಅದು ತಟ್ಟೆಯಲ್ಲೇ ಕರಗಿ ಹೋಯ್ತು! ನೀನು ಇದನ್ನ ಬಿಟ್ಟು ಬೇರೆಯವರ ಮನೆಯಲ್ಲಿ ಸಿಂಪಿ ತಿನ್ನೋಕೆ, ಡ್ಯಾನ್ಸ್ ನೋಡೋಕೆ ಹೋದೆ ಅಂತ ಜಗಳ. ಇನ್ನೊಂದು ಪತ್ರದಲ್ಲಿ ಒಬ್ಬ ಶ್ರೀಮಂತನ ಮನೆ ಊಟದ ಬಗ್ಗೆ ಹೇಳ್ತಾನೆ. ಒಂದೇ ಪಂಕ್ತಿಯಲ್ಲಿ ಮೂರು ಥರ ವೈನ್, ಒಂದು ತನಗೂ ಖಾಸಾ ಜನಕ್ಕೂ, ಇನ್ನೊಂದು ಎರಡನೇ ದರ್ಜೆ ಗೆಳೆಯರಿಗೆ (ಅವನ ಹತ್ರ ಗೆಳೆಯರಿಗೂ ಗ್ರೇಡ್ ಇದೆ ಅಂತ ಪ್ಲಿನಿ ಚುಚ್ತಾನೆ), ಮೂರನೇದು ದಾಸ್ಯದಿಂದ ಬಿಡುಗಡೆ ಆದೋರಿಗೆ. ಪಕ್ಕದಲ್ಲಿದ್ದೋನು ಕೇಳ್ತಾನೆ, ನೀವು ಹೇಗೆ ಮಾಡ್ತೀರಿ? ಎಲ್ರಿಗೂ ಒಂದೇ ಬಡಿಸ್ತೀನಿ. ಹಾಗಾದ್ರೆ ಖರ್ಚು ಜಾಸ್ತಿ ಆಗುತ್ತಲ್ಲ? ಇಲ್ಲ, ನಾನು ಕುಡಿಯೋದನ್ನ ಅವರಿಗೆ ಕೊಡಲ್ಲ, ಅವರು ಕುಡಿಯೋದನ್ನೇ ನಾನೂ ಕುಡೀತೀನಿ. ಪಂಕ್ತಿಭೇದದ ಬಗ್ಗೆ ಇಷ್ಟು ಚೆನ್ನಾಗಿ ಯಾರಾದ್ರೂ ಬರೆದಿರೋದು ನಾನು ಕಂಡಿಲ್ಲ.

ಬಡವರ ಹೊಟ್ಟೆ ವಿಷಯಕ್ಕೆ ನೀರೋ ಕಾಲದ ಪೆಟ್ರೋನಿಯಸ್‌ನ 'ಸಟೈರಿಕಾನ್' ಅನ್ನೋ ಕಾದಂಬರಿ ನೋಡಿ. ಟ್ರಿಮಾಲ್ಕಿಯೋ ಅನ್ನೋ ಹೊಸ ಶ್ರೀಮಂತ, ಮೊದಲು ದಾಸನಾಗಿದ್ದೋನು, ಅವನ ಮನೆ ಔತಣ ತುಂಬಾ ಫೇಮಸ್, ಎಲ್ರೂ ಅದರ ವಿಚಿತ್ರ ಐಟಂಗಳ ಬಗ್ಗೆನೇ ಮಾತಾಡ್ತಾರೆ. ಆದ್ರೆ ಓನರ್ ಟಾಯ್ಲೆಟ್ಟಿಗೆ ಎದ್ದು ಹೋದಾಗ ಉಳಿದೋರು ಹರಟೆ ಶುರು ಮಾಡ್ತಾರಲ್ಲ, ಅಲ್ಲಿದೆ ಚಿನ್ನ. ಗ್ಯಾನಿಮೀಡ್ಸ್ ಅನ್ನೋನು ಗೊಣಗ್ತಾನೆ, ಇವತ್ತು ಒಂದು ತುತ್ತು ಬ್ರೆಡ್ ಸಿಕ್ಲಿಲ್ಲ, ಮಳೆ ಇಲ್ಲ, ಮಾರ್ಕೆಟ್ ಅಧಿಕಾರಿಗಳು ಬೇಕರಿಯೋರ ಜೊತೆ ಶಾಮೀಲು, ನೀ ನನ್ನ ನೋಡ್ಕೋ ನಾ ನಿನ್ನ ನೋಡ್ಕೊಳ್ತೀನಿ ಅಂತ, ಸಣ್ಣ ಜನ ಸಾಯ್ಬೇಕು, ದೊಡ್ಡ ದವಡೆಯೋರಿಗೆ ದಿನಾ ಹಬ್ಬ. ಮೊದಲು ಒಂದು ಕಾಸಿಗೆ ಸಿಗ್ತಿದ್ದ ಬ್ರೆಡ್ಡು ಇಬ್ಬರು ತಿಂದ್ರೂ ಮುಗೀತಿರ್ಲಿಲ್ಲ, ಈಗ ಎತ್ತಿನ ಕಣ್ಣು ಅದಕ್ಕಿಂತ ದೊಡ್ಡದು. ಈಗ ಯಾರೂ ವ್ರತ ಅಂತ ಉಪವಾಸ ಮಾಡಲ್ಲ, ಯಾರಿಗೂ ದೇವರಿಲ್ಲ, ಎಲ್ರೂ ಅವರವರ ಆಸ್ತಿ ಲೆಕ್ಕದಲ್ಲೇ. ಹಿಂದೆ ಹೆಂಗಸರು ಬರಿಗಾಲಲ್ಲಿ, ಕೂದಲು ಬಿಚ್ಚಿ, ಶುದ್ಧ ಮನಸ್ಸಿಂದ ಬೆಟ್ಟ ಹತ್ತಿ ಜುಪಿಟರ್‌ಗೆ ಮಳೆ ಕೇಳ್ತಿದ್ರು, ಕೂಡ್ಲೇ ಕೊಡದಲ್ಲಿ ಸುರಿದ ಹಾಗೆ ಮಳೆ, ಎಲ್ರೂ ಇಲಿ ಥರ ತೊಯ್ದು ತೊಪ್ಪೆಯಾಗಿ ಮನೆಗೆ ಬರ್ತಿದ್ರು. ಈ ಜನರ ಭಾಷೆನೂ ಪುಸ್ತಕದ್ದಲ್ಲ, ವೈನಿಗೆ ನಪುಂಸಕಲಿಂಗ ಹಾಕ್ಬೇಕಾದಲ್ಲಿ ಪುಲ್ಲಿಂಗ ಹಾಕಿ ಮಾತಾಡ್ತಾರೆ, ಪೆಟ್ರೋನಿಯಸ್ ಬೇಕಂತಲೇ ಹಾಗೆ ಬರೆದಿದ್ದಾನೆ. ಬೀದಿಯಲ್ಲಿ ಜನ ಲ್ಯಾಟಿನ್ ಹೇಗೆ ಆಡ್ತಿದ್ರು ಅನ್ನೋದಕ್ಕೆ ಸಾಹಿತ್ಯದಲ್ಲಿ ಇದಕ್ಕಿಂತ ಒಳ್ಳೇ ಜಾಗ ಇಲ್ಲ.

ಮಾರ್ಕೆಟ್ ಅಧಿಕಾರಿ ಅಂದ್ನಲ್ಲ, 2ನೇ ಶತಮಾನದ ಅಪುಲಿಯಸ್‌ನ ಕಾದಂಬರಿಯಲ್ಲಿ (ಮನುಷ್ಯ ಕತ್ತೆಯಾಗೋ ಕತೆ) ಹೀರೋ ಪರ ಊರಿನ ಸಂತೆಯಲ್ಲಿ ಚೌಕಾಸಿ ಮಾಡಿ 20 ಡಿನೇರಿಯಸ್‌ಗೆ ಮೀನು ತಗೋತಾನೆ. ಹಳೇ ಕ್ಲಾಸ್‌ಮೇಟ್ ಸಿಗ್ತಾನೆ, ಈಗ ಅವನೇ ಮಾರ್ಕೆಟ್ ಅಧಿಕಾರಿ. ಈ ಪುಟಾಣಿ ಮೀನಿಗೆ ಇಷ್ಟಾ ಅಂತ ಮೀನಿನವನ ಮೇಲೆ ಕೂಗಾಡಿ, ಪಾಠ ಕಲಿಸ್ತೀನಿ ನೋಡು ಅಂತ ಆ ಮೀನನ್ನ ನೆಲಕ್ಕೆ ಸುರಿಸಿ ಜವಾನನ ಕೈಲಿ ತುಳಿಸಿಬಿಡ್ತಾನೆ! ದುಡ್ಡೂ ಹೋಯ್ತು, ಊಟಾನೂ ಹೋಯ್ತು. ಗೆಳೆಯ ಮಾತ್ರ ಡ್ಯೂಟಿ ಮಾಡಿದ ಖುಷಿಯಲ್ಲಿದಾನೆ.

ಸ್ಕಿಬಲೆ ವಿಷಯಕ್ಕೆ ಮುಂದೆ ಬರ್ತೀನಿ ಅಂದಿದ್ನಲ್ಲ, ಇದೇ ಕಾದಂಬರಿಯಲ್ಲಿ ದಾಸರನ್ನ ತೋರಿಸಿ ನಗು ನಿಲ್ಲಿಸೋ ಜಾಗ ಒಂದಿದೆ. ಕತ್ತೆಯಾದ ಹೀರೋನ ಬೇಕರಿಯೋನು ಕೊಂಡು ಹಿಟ್ಟಿನ ಗಾಣಕ್ಕೆ ಕಟ್ತಾನೆ. ಕತ್ತೆ ತಲೆ ಎತ್ತಿ ಜೊತೆಗಿರೋ ಮನುಷ್ಯರನ್ನ ನೋಡುತ್ತೆ. ಮೈ ತುಂಬ ಬಾಸುಂಡೆ, ಕೆಲವರಿಗೆ ಸೊಂಟಕ್ಕೆ ಒಂದು ಚಿಂದಿ, ಹಣೆ ಮೇಲೆ ಅಕ್ಷರ, ಅರ್ಧ ಬೋಳಿಸಿದ ತಲೆ, ಕಾಲಿಗೆ ಬೇಡಿಯ ಬಳೆ, ಹೊಗೆಗೆ ರೆಪ್ಪೆ ತಿಂದುಹೋಗಿ ಕಣ್ಣು ಸರಿಯಾಗಿ ಕಾಣ್ತಿಲ್ಲ, ಮೈಗೆಲ್ಲ ಬೂದಿ ಬಳಿದ ಹಾಗೆ ಹಿಟ್ಟು. ಗ್ಯಾನಿಮೀಡ್ಸ್ ರೇಟು ಜಾಸ್ತಿ ಅಂತ ಗೊಣಗಿದ ಬ್ರೆಡ್ ಬರ್ತಿದ್ದುದು ಇಂಥ ಜಾಗದಿಂದ. ಅದನ್ನ ನೋಡಿ ಬರೆಯೋಕೆ ಒಂದು ಕತ್ತೆ ಬೇಕಾಯ್ತು, ಯಾಕಂದ್ರೆ ಬರೆಯೋ ಮನುಷ್ಯರು ಆ ಕಡೆ ಹೋಗ್ತಿರ್ಲಿಲ್ಲ. ಕೇಟೋ ಅನ್ನೋ ರೋಮನ್ ರಾಜಕಾರಣಿ ತನ್ನ ಬೇಸಾಯದ ಪುಸ್ತಕದಲ್ಲಿ ಜಮೀನ್ದಾರನಿಗೆ ಹೇಳೋ ಬುದ್ಧಿಮಾತು ಓದಿ: ಮುದಿ ಎತ್ತು, ಹಳೇ ಗಾಡಿ, ಹಳೇ ಕಬ್ಬಿಣದ ಸಾಮಾನು, ಮುದಿ ದಾಸ, ಕಾಯಿಲೆ ದಾಸ, ಬೇಡವಾಗಿದ್ದನ್ನೆಲ್ಲ ಮಾರಿಬಿಡು. ಸಿಟ್ಟಿಲ್ಲ, ಸಂಕೋಚಾನೂ ಇಲ್ಲ, ಲಿಸ್ಟ್ ಅಷ್ಟೇ. ಬಾಯ್ತಪ್ಪಿ ಹೇಳಿದ್ದು ಅಂದ್ನಲ್ಲ, ಅದರಲ್ಲಿ ಇದರಷ್ಟು ಕೆಟ್ಟದ್ದು ನನಗೆ ಬೇರೆ ಸಿಕ್ಕಿಲ್ಲ.

ಹೆಂಗಸರು, ಮಕ್ಕಳು ಬೇಕಂದ್ರೆ ಸಾಹಿತ್ಯ ಬಿಟ್ಟು ಸ್ವಲ್ಪ ಆಚೆ ಬರ್ಬೇಕು. ಈಜಿಪ್ಟಿನ ಮರಳಲ್ಲಿ, ಮುಖ್ಯವಾಗಿ ಆಕ್ಸಿರಿಂಕಸ್ ಊರಿನ ಕಸದ ಗುಡ್ಡೆಗಳಲ್ಲಿ, ಸಾಮಾನ್ಯ ಜನರ ಕಾಗದಗಳು ರಾಶಿ ರಾಶಿ ಸಿಕ್ಕಿವೆ. ಕ್ರಿ.ಪೂ. 1ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ದುಡೀತಿದ್ದ ಹಿಲಾರಿಯನ್ ಊರಲ್ಲಿರೋ ಬಸುರಿ ಅಲಿಸ್‌ಗೆ ಬರೀತಾನೆ. ನೀನು ಮರೀಬೇಡ ಅಂತ ಹೇಳಿ ಕಳಿಸಿದ್ಯಂತೆ, ನಿನ್ನ ಹೇಗೆ ಮರೀಲಿ, ಚಿಂತೆ ಮಾಡ್ಬೇಡ, ಸಂಬಳ ಬಂದ ತಕ್ಷಣ ಕಳಿಸ್ತೀನಿ. ಅದೇ ಕಾಗದದಲ್ಲಿ ನಡುವೆ ಒಂದು ಸಾಲು: ಹೆತ್ತಾಗ ಗಂಡಾದ್ರೆ ಇಟ್ಕೋ, ಹೆಣ್ಣಾದ್ರೆ ಬಿಸಾಕು. ನಾನು ಇದನ್ನ ಕ್ಲಾಸಲ್ಲಿ ಓದಿದಾಗೆಲ್ಲ ಒಂದು ನಿಮಿಷ ಯಾರೂ ಮಾತಾಡ್ತಿರ್ಲಿಲ್ಲ. ಅದಾಗಿ ಒಂದಿನ್ನೂರು ವರ್ಷದ ಮೇಲೆ ಅದೇ ಊರಲ್ಲಿ ಥಿಯೋನ್ ಅನ್ನೋ ಹುಡುಗ ಅಪ್ಪನಿಗೆ ಬರೆದ ಪತ್ರ ನೋಡಿ. ನನ್ನ ಬಿಟ್ಟು ಪೇಟೆಗೆ ಹೋದ್ಯಲ್ಲ, ಭಾರೀ ಒಳ್ಳೇ ಕೆಲಸ ಮಾಡ್ದೆ! ಅಲೆಕ್ಸಾಂಡ್ರಿಯಾಗೆ ಕರ್ಕೊಂಡು ಹೋಗ್ದಿದ್ರೆ ನಿಂಗೆ ಕಾಗದ ಬರೆಯಲ್ಲ, ಮಾತಾಡ್ಸಲ್ಲ, ಅಮ್ಮ ಬೇರೆ 'ಇವನು ನನ್ನ ತಲೆ ತಿಂತಾನೆ, ಕರ್ಕೊಂಡು ಹೋಗಿ' ಅಂತಿದ್ಲು, ಒಂದು ವೀಣೆ ಕಳ್ಸು, ಕಳಿಸ್ದಿದ್ರೆ ಊಟ ಮಾಡಲ್ಲ, ನೀರು ಕುಡಿಯಲ್ಲ, ಅಷ್ಟೇ. ಪತ್ರದ ತುಂಬ ಕಾಗುಣಿತ ತಪ್ಪು. ಆ ಕಡೆ ಬ್ರಿಟನ್ನಿನ ವಿಂಡೋಲಾಂಡಾ ಕೋಟೆಯಲ್ಲಿ ಸುಮಾರು ಕ್ರಿ.ಶ. 100ರ ಮರದ ಹಲಗೆ ಸಿಕ್ಕಿದೆ, ಕ್ಲಾಡಿಯಾ ಸೆವೆರಾ ಅನ್ನೋಳು ಸೆಪ್ಟೆಂಬರ್ 11ರ ತನ್ನ ಬರ್ತ್‌ಡೇಗೆ ಗೆಳತಿನ ಕರೀತಾಳೆ. ಬರೆದಿರೋದು ಗುಮಾಸ್ತ, ಆದ್ರೆ ಕೊನೆಯಲ್ಲಿ ಬೇರೆ ಕೈಬರಹ, ಸ್ವಲ್ಪ ಅಂಕುಡೊಂಕು, ಅದು ಅವಳದ್ದೇ: ಕಾಯ್ತಿರ್ತೀನಿ ಅಕ್ಕ, ಹುಷಾರಾಗಿರು. ಹೆಂಗಸಿನ ಕೈಯಲ್ಲಿ ಬರೆದ ಲ್ಯಾಟಿನ್‌ನಲ್ಲಿ ನಮಗೆ ಸಿಕ್ಕಿರೋ ತೀರಾ ಹಳೇದರಲ್ಲಿ ಇದೊಂದು.

ಇನ್ನು ನಮ್ಮ ಕಡೆ ಸಂಬಂಧ. ಮೆಣಸು! ಹಿರಿಯ ಪ್ಲಿನಿ (ಕಿರಿಯವನ ಸೋದರಮಾವ, ವೆಸುವಿಯಸ್ ಜ್ವಾಲಾಮುಖಿ ಸಿಡಿದಾಗ ಸತ್ತೋನು) ಕರಿಮೆಣಸು ಒಂದು ರೋಮನ್ ಪೌಂಡಿಗೆ, ಅಂದ್ರೆ ಹೆಚ್ಚುಕಮ್ಮಿ 327 ಗ್ರಾಮಿಗೆ, 4 ಡಿನೇರಿಯಸ್ ಅಂತ ರೇಟು ಬರೆದಿಟ್ಟು, ಸಿಹಿನೂ ಇಲ್ಲ ಚಂದಾನೂ ಇಲ್ಲ, ಬರೀ ಖಾರ, ಇದಕ್ಕೋಸ್ಕರ ಇಂಡಿಯಾವರೆಗೆ ಹೋಗ್ತೀವಿ ಅಂತ ತಲೆ ಚಚ್ಕೊಳ್ತಾನೆ. ಬೈಬಲಿನ ದ್ರಾಕ್ಷಿ ತೋಟದ ಕತೆಯಲ್ಲಿ ಕೂಲಿಯೋರಿಗೆ ದಿನಕ್ಕೆ ಒಂದು ಡಿನೇರಿಯಸ್, ನೀವೇ ಲೆಕ್ಕ ಹಾಕಿ. ಆದ್ರೂ ವಿಂಡೋಲಾಂಡಾದ ಲೆಕ್ಕದ ಹಲಗೆಯಲ್ಲಿ ಒಬ್ಬ ಸಿಪಾಯಿ ಹೆಸರಲ್ಲಿ 2 ಡಿನೇರಿಯಸ್ ಮೆಣಸು ಬರೆದಿದೆ. ದುಡ್ಡು ಈ ಕಡೆ ಬಂದಿದ್ದಕ್ಕೆ ಸಾಕ್ಷಿ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳಿವೆ.

ಕೊನೆಗೆ ವಾಟ್ಸಾಪ್ ಪ್ರಶ್ನೆ. ಅರ್ಧ ನಿಜ. ನಾಟಕ ಇದೆ, ಅದೇ ಆಕ್ಸಿರಿಂಕಸ್‌ನ 413ನೇ ನಂಬರಿನ ಪಪೈರಸ್ (ಜೊಂಡಿನಿಂದ ಮಾಡಿದ ಹಳೇ ಕಾಗದ), 1903ರಲ್ಲಿ ಅಚ್ಚಾಯ್ತು. ಗ್ರೀಕ್ ಪ್ರಹಸನ, ರೋಮನ್ ಆಳ್ವಿಕೆಯ ಈಜಿಪ್ಟಿನಲ್ಲಿ ಬರೆದ ಪ್ರತಿ. ಚಾರಿಷನ್ ಅನ್ನೋ ಗ್ರೀಕ್ ಹುಡುಗಿ ಇಂಡಿಯಾದ ಕರಾವಳಿಯಲ್ಲಿ ಸೆರೆಯಲ್ಲಿದ್ದಾಳೆ, ಅಣ್ಣ ಹಡಗಲ್ಲಿ ಬಂದು ಅಲ್ಲಿನ ರಾಜನಿಗೂ ಅವನ ಜನಕ್ಕೂ ನೀರು ಬೆರೆಸದ ವೈನ್ ಕುಡಿಸಿ ಅವಳನ್ನ ಬಿಡಿಸ್ಕೊಂಡು ಹೋಗ್ತಾನೆ. ಆ ರಾಜ ಮತ್ತು ಜನ ಆಡೋ ಮಾತು ಗ್ರೀಕ್ ಅಲ್ಲ, ಗ್ರೀಕ್ ಅಕ್ಷರದಲ್ಲಿ ಬರೆದ ಯಾವುದೋ ಭಾಷೆ. ಜರ್ಮನ್ ವಿದ್ವಾಂಸ ಹುಲ್ಟ್ಸ್ 1904ರಲ್ಲಿ ಇದು ಕನ್ನಡ ಅಂತ ಹೇಳಿ ಒಂದು ಸಾಲನ್ನ 'ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ' ಅಂತ ಓದಿದ್ರು. ಆಮೇಲೆ ಶಾಮಾಶಾಸ್ತ್ರಿಗಳು, ಗೋವಿಂದ ಪೈಗಳು ಇದನ್ನ ಮುಂದುವರಿಸಿದ್ರು. ನಾಟಕದಲ್ಲಿ ಅಲ್ಲಿ ವೈನ್ ಕುಡಿಸೋ ಸೀನೇ ನಡೀತಿರೋದು, ಹಾಗಾಗಿ ಆಸೆ ಹುಟ್ಟೋದು ಸಹಜ. ಆದ್ರೆ 2ನೇ ಶತಮಾನದ ಕನ್ನಡದಲ್ಲಿ 'ಪಾತ್ರಕ್ಕೆ ಹಾಕಿ' ಅಂತ ಇವತ್ತಿನ ರೂಪ ಹೇಗೆ ಬಂತು, ಹಲ್ಮಿಡಿ ಶಾಸನವೇ ಅದಕ್ಕಿಂತ ಎಷ್ಟೋ ಈಚಿನದ್ದಲ್ವಾ, ಅದರ ಭಾಷೆ ನೋಡಿದ್ರೆ ಇದು ಹೊಂದಲ್ಲ. ನಗಿಸೋಕೆ ಮಾಡಿದ ಹುಸಿ ಭಾಷೆ ಅಂತ ಎಷ್ಟೋ ವಿದ್ವಾಂಸರು ಹೇಳ್ತಾರೆ, ನಂದೂ ಅದೇ ಅಭಿಪ್ರಾಯ, ಕರಾವಳಿಯಲ್ಲಿ ನಾವಿಕರ ಕಿವಿಗೆ ಬಿದ್ದ ಒಂದೆರಡು ಪದ ಸೇರಿದ್ರೂ ಸೇರಿರಬಹುದು.

ನಿಮ್ಮ ಮೊದಲ ಪ್ರಶ್ನೆಗೆ ಈ ಪಪೈರಸ್ಸೇ ಒಳ್ಳೇ ಉತ್ತರ, ಕನ್ನಡದ ಗಲಾಟೆಯಲ್ಲಿ ಅದನ್ನ ಯಾರೂ ಹೇಳಲ್ಲ. ಇದು ಓದೋಕೆ ಬರೆದ ಪುಸ್ತಕ ಅಲ್ಲ, ತಂಡದೋರು ಕೈಯಲ್ಲಿಟ್ಕೊಂಡು ಆಡ್ತಿದ್ದ ಸ್ಕ್ರಿಪ್ಟು. ಎಲ್ಲಿ ತಮಟೆ ಬಡೀಬೇಕು, ಎಷ್ಟು ಸಲ, ಎಲ್ಲಿ ತಾಳ ಹಾಕ್ಬೇಕು ಅಂತ ಗುರುತುಗಳಿವೆ. ಶತ್ರುಗಳು ಮೇಲೆ ಬಿದ್ದಾಗ ಕೋಡಂಗಿಯ ಆಯುಧ ಹೂಸು, ಅದಕ್ಕೂ ಸರಿಯಾಗಿ ಎಲ್ಲಿ ಬಿಡ್ಬೇಕು ಅಂತ ಬರೆದಿದ್ದಾರೆ.